ಹೋಳಿಗೆಗೆ ಜಾಮೀನು

"ಇವತ್ತಿಂದ ಹೋಳಿಗೆ ಬಂದ್!" ಜಯನಗರದ ದರ್ಶಿನಿಯ ಕಟ್ಟೆಗೆ ಒರಗಿ ಶೀನ ಘೋಷಿಸಿದ. ಎಡಗೈ ಊದಿದ ದವಡೆಯ ಮೇಲೆ, ಬಲಗೈಯಲ್ಲಿ ಕಾಫಿ, ಕಂಕುಳಲ್ಲಿ ಬಿಸ್ಕತ್ತಿನ ಪೊಟ್ಟಣ.

"ಕೊನೇ ಸಲ ಹೋಳಿಗೆ ತಿಂದಿದ್ದು ಯಾವಾಗ?" ಸುಮಾ ಕೇಳಿದಳು. ನಮ್ಮ ಗುಂಪಿನಲ್ಲಿ ಬಿಡಿಎಸ್, ಅಂದರೆ ಹಲ್ಲಿನ ಡಾಕ್ಟರಿಕೆ ಓದಿದವಳು ಇವಳೊಬ್ಬಳೇ. ಅವಳೆದುರು ನಾವ್ಯಾರೂ ಬಾಯ್ತುಂಬ ನಗುವುದಿಲ್ಲ.

"ಯುಗಾದಿಗೆ."

"ದಸರಾ ಬಂತಲ್ಲೋ! ಹೋಳಿಗೆಗೆ ಜಾಮೀನು ಕೊಡೋಣ. ಕಾಫಿ ದಿನಕ್ಕೆಷ್ಟು?"

ಶೀನ ಎಣಿಸತೊಡಗಿದ. ಒಂದು ಕೈ ಬೆರಳು ಸಾಲದೆ ದವಡೆಯನ್ನೂ ಬಿಡಬೇಕಾಯಿತು. "ಎಲ್ಲಾ ಬೈಟೂನೇ ಕಣೇ."

"ಹಲ್ಲಿಗೆ ಬೈಟು ಲೆಕ್ಕ ಬರಲ್ಲ. ಎಷ್ಟು ಸಕ್ಕರೆ ಅನ್ನೋದಕ್ಕಿಂತ ಎಷ್ಟು ಸಲ ಅನ್ನೋದೇ ಮುಖ್ಯ. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷದಲ್ಲಿ ಬ್ಯಾಕ್ಟೀರಿಯಾ ಅದನ್ನ ಆಮ್ಲ ಮಾಡುತ್ತೆ. ಹುಳಿ ಹೆಚ್ಚಿದಷ್ಟೂ ಪಿಎಚ್ ಅನ್ನೋ ಅಳತೆ ಇಳಿಯುತ್ತೆ, ಅದು ಸುಮಾರು 5.5ಕ್ಕಿಂತ ಕೆಳಗಿಳಿದ್ರೆ ಎನಾಮಲ್, ಅಂದ್ರೆ ಹಲ್ಲಿನ ಗಟ್ಟಿ ಹೊರಪದರ, ಕರಗೋಕೆ ಶುರು. ಉಗುಳು ಅದನ್ನ ಸರಿಮಾಡೋಕೆ ಅರ್ಧ ಗಂಟೆಯಾದ್ರೂ ಬೇಕು. ನೀನು ಅದಕ್ಕೆ ಪುರುಸೊತ್ತೇ ಕೊಡಲ್ಲ, ಒಂದು ಲೋಟ ಹಿಡಿದು ಇಡೀ ಮೀಟಿಂಗು ಹೀರ್ತೀಯ."

ಗೋಕಾಕದ ಬಸು ಕರದಂಟಿನ ಡಬ್ಬಿ ಮುಂದೆ ತಳ್ಳಿದ. "ಇದಕ್ಕೇನೂ ತೊಂದ್ರಿ ಇಲ್ಲಲ್ರೀ? ಬೆಲ್ಲ ಐತಿ, ಸಕ್ರಿ ಅಲ್ಲ."

"ಬೆಲ್ಲದಲ್ಲೂ ಬಹುಪಾಲು ಸುಕ್ರೋಸೇ, ಅಂದ್ರೆ ಸಕ್ಕರೇಲಿರೋದೇ ಬಸು. ಬ್ಯಾಕ್ಟೀರಿಯಾ ಆರ್ಗಾನಿಕ್ ಅಂಗಡಿ ಬಿಲ್ಲು ಕೇಳಲ್ಲ. ಮೇಲಾಗಿ ಇದು ಅಂಟುತ್ತೆ." ಸ್ವೀಡನ್ನಿನ ವಿಪೆಹೋಮ್ ಸಂಸ್ಥೆಯಲ್ಲಿ 1940ರ ದಶಕದಲ್ಲಿ ನಡೆದ ಪ್ರಯೋಗದ ಕಥೆಯನ್ನೂ ಹೇಳಿದಳು. ಊಟದ ಜೊತೆ ಸಕ್ಕರೆ ತಿಂದವರ ಹಲ್ಲು ಅಷ್ಟೇನೂ ಕೆಡಲಿಲ್ಲವಂತೆ, ಊಟದ ನಡುನಡುವೆ ಅಂಟು ಟಾಫಿ ತಿಂದವರದ್ದು ಹಾಳಾಯಿತಂತೆ. ತಿನ್ನಿಸಿದ್ದು ಅಲ್ಲಿದ್ದ ಬುದ್ಧಿಮಾಂದ್ಯರಿಗೆ. ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಇಂದಿಗೂ ಜಗತ್ತು ಮಕ್ಕಳಿಗೆ ಹೇಳುವ ಹಲ್ಲಿನ ಬುದ್ಧಿವಾದದ ಒಂದು ಬೇರು ಅಲ್ಲಿದೆ ಎಂದರೆ ನನಗಂತೂ ಕರದಂಟು ಗಂಟಲಲ್ಲಿ ಇಳಿಯಲಿಲ್ಲ. ಬಸುಗೆ ಇಳಿಯಿತು.

ಮಂಜ ಎದೆಯುಬ್ಬಿಸಿದ. "ನಾನು ಖಾರದ ಪಾರ್ಟಿ. ಚಕ್ಕುಲಿ, ಚಿಪ್ಸು, ನಿಪ್ಪಟ್ಟು."

"ಅದರ ಹಿಟ್ಟು ದವಡೆ ಹಲ್ಲಿನ ಸಂದಿಯಲ್ಲಿ ಕೂತಿರುತ್ತೆ. ನಿನ್ನ ಉಗುಳೇ ಅದನ್ನ ಸಕ್ಕರೆ ಮಾಡಿ ಬಡಿಸುತ್ತೆ."

"ಈಗ ತಾನೇ ಉಗುಳು ಹಲ್ಲು ಕಾಯುತ್ತೆ ಅಂದೆ! ಅದು ಯಾವ ಪಾರ್ಟಿ?"

"ಎರಡೂ ಕಡೆ."

"ಹಂಗಾದ್ರ ನಮ್ಮ ಎಮ್ಮೆಲ್ಲೆ ಇದ್ದಂಗ," ಎಂದ ಬಸು.

ನನ್ನ ಬೆಳಗಿನ ನಿಂಬೆರಸಕ್ಕೂ ಏಟು ಬಿತ್ತು. ಹುಳಿಗೆ ಎನಾಮಲ್ ಮೆತ್ತಗಾಗಿರುತ್ತದೆ, ಕುಡಿದ ತಕ್ಷಣ ಉಜ್ಜಿದರೆ ಅದೇ ಸವೆಯುತ್ತದೆ, ಅರ್ಧ ಗಂಟೆಯಾದರೂ ತಡೆಯಬೇಕಂತೆ.

ಶೀನ ಮೆಲ್ಲಗೆ ಬಾಯಿಬಿಟ್ಟ. "ಈ ಕಡೆ ಉಜ್ಜಿದ್ರೆ ಒಸಡಲ್ಲಿ ರಕ್ತ ಬರುತ್ತೆ. ಅದಕ್ಕೇ ಅಲ್ಲಿ ಉಜ್ಜೋದೇ ಬಿಟ್ಟು ನೆಲ್ಲಿಕಾಯಿ ತಿಂತಿದ್ದೀನಿ."

"ಧೂಳು ಏಳುತ್ತೆ ಅಂತ ಕಸ ಗುಡಿಸೋದು ಬಿಟ್ಟಂಗಾಯ್ತು! ಅಲ್ಲಿ ಕೂತ ಕೊಳೆಯಿಂದಲೇ ಒಸಡು ಊದೋದು. ಬಿಟ್ಟಷ್ಟೂ ಅದು ಗಟ್ಟಿಯಾಗಿ ಪಾಚಿ ಕಟ್ಟುತ್ತೆ. ಸಿ ವಿಟಮಿನ್ ಒಸಡಿಗೆ ಬೇಕು ನಿಜ, ನೆಲ್ಲಿಕಾಯಿ ಪೊರಕೆ ಅಲ್ಲವಲ್ಲ. ಕ್ಲೀನ್ ಮಾಡಿಸ್ಕೋ, ಸಕ್ಕರೆ ಕಾಯಿಲೆ ಇದೆಯಾ ಅಂತಾನೂ ನೋಡಿಸ್ಕೋ."

ಅಷ್ಟರಲ್ಲಿ ಮಂಜ ಅಭ್ಯಾಸಬಲದಿಂದ ಎಲೆ ಅಡಿಕೆ ತೆಗೆದ. ಸುಮಾ ದುರುಗುಟ್ಟಿದಳು.

"ಸುಣ್ಣ ಇದೆಯಲ್ಲ, ಕ್ಯಾಲ್ಸಿಯಂ..."

"ತಂಬಾಕಿಲ್ಲದಿದ್ರೂ ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ವರದಿ ಕೊಟ್ಟಿದೆ. ದಿನಾ ಜಗಿದು ಜಗಿದು ಕೆನ್ನೆಯ ಒಳಪದರ ಗಡುಸಾಗಿ ಬಾಯಿ ತೆಗೆಯೋಕೇ ಆಗದವರನ್ನ ನಾನೇ ನೋಡಿದ್ದೀನಿ."

ಮಂಜನ ಊರು ತೀರ್ಥಹಳ್ಳಿ. ಅವನ ಇಂಜಿನಿಯರಿಂಗ್ ಫೀಜು ಕಟ್ಟಿದ್ದೇ ಅಡಿಕೆ ತೋಟ. "ಇದನ್ನ ನಮ್ಮಪ್ಪಂಗೆ ನೀನೇ ಫೋನ್ ಮಾಡಿ ಹೇಳಮ್ಮ."

"ಅವರ ಹಲ್ಲು ಹೇಗಿದೆ?"

"ಸೆಟ್ಟು. ರಾತ್ರಿ ಲೋಟದಲ್ಲಿ ಮಲಗುತ್ತೆ."

"ಹಾಗಾದ್ರೆ ಹುಳುಕಿನ ಭಯ ಇಲ್ಲ. ಬಾಯಿ ಪೂರ್ತಿ ತೆಗೀತಾರಾ ನೋಡು."

"ಅವರು ಬಾಯಿ ತೆಗೆದ್ರೆ ನಾವ್ಯಾರೂ ನಿಂತು ನೋಡಲ್ಲ," ಎಂದ ಮಂಜ.