ಬೆಚ್ಚಗಿನ ಬಣ್ಣದ ತಲೆಬಿಸಿ

"ರೈಗಳೇ, ಹೊಸ ಮನೆಗೆ ಬಣ್ಣ ಯಾವುದು?" ಎಂದು ಭಟ್ರು ಕೇಳಿದ್ದೇ ತಡ, ಬದಿಯಡ್ಕದ ಹೋಟೆಲಿನಲ್ಲಿ ಗೋಳಿಬಜೆಯ ತಟ್ಟೆ ಪಕ್ಕಕ್ಕೆ ಸರಿಯಿತು. ರೈಗಳು ಶೇಡ್ ಕಾರ್ಡ್ ಬಿಡಿಸಿಟ್ಟರು.

"ಮನೆಯವಳಿಗೆ ಬೀಜ್ ಆಗ್ಬೇಕು. ದುಬಾಯಿಯಲ್ಲಿರುವ ಮಗನಿಗೆ ಐವರಿ. ನನಗೆ ಎರಡೂ ಒಂದೇ."

"ಹಾಲು ಜಾಸ್ತಿಯಾದ ಚಾ," ಎಂದರು ಭಟ್ರು. "ಇದಕ್ಕೆ ಇಷ್ಟು ರೇಟಾ?"

ಮಾಷ್ಟ್ರು ಕನ್ನಡಕ ಏರಿಸಿದರು. ಅವರು ಡ್ರಾಯಿಂಗ್ ಮಾಷ್ಟ್ರಲ್ಲ, ಲೆಕ್ಕದವರು. ಆದರೆ ಹೋದ ವರ್ಷ ಮನೆ ಕಟ್ಟಿಸಿದ್ದಾರೆ. ಮನೆ ಕಟ್ಟಿಸಿದವರಿಗೆ ಗೊತ್ತಿಲ್ಲದ ವಿದ್ಯೆ ಯಾವುದುಂಟು!

"ಒಂದೇ ಅಲ್ಲ ಮಾರಾಯ್ರೇ. ಬಿಳಿ ಕಾಗದದ ಪಕ್ಕ ಇಟ್ಟು ನೋಡಿ. ಇದರೊಳಗೆ ಹಳದಿ ಉಂಟು, ಇದರೊಳಗೆ ಗುಲಾಬಿ. ಅದಿರಲಿ, ಚಾವಡಿಯ ಕಿಟಕಿ ಯಾವ ದಿಕ್ಕಿಗೆ?"

"ಉತ್ತರಕ್ಕೆ. ಎದುರಿಗೇ ಅಡಿಕೆ ತೋಟ."

"ಕೆಟ್ಟಿತು! ವರ್ಷದಲ್ಲಿ ಹೆಚ್ಚಿನ ದಿನ ಆ ಕಡೆಯಿಂದ ನೇರ ಬಿಸಿಲಿಲ್ಲ. ಬರುವ ಬೆಳಕೇ ಸ್ವಲ್ಪ ನೀಲಿ, ಜೊತೆಗೆ ತೋಟದ ಹಸಿರು. ಬೂದು ಬೆರೆತ ಶೇಡ್ ಹಾಕಿದ್ರೆ ಮಳೆಗಾಲ ಪೂರ್ತಿ ಚಾವಡಿ ಮುಖ ಊದಿಸಿಕೊಂಡಿರ್ತದೆ. ಹಳದಿ ಕಡೆಗೆ ವಾಲಿದ್ದು ತಗೊಳ್ಳಿ. ಕೆಲವು ಕಾರ್ಡಲ್ಲಿ ಎಲ್‌ಆರ್‌ವಿ ಅಂತ ಒಂದು ನಂಬರ್ ಇರ್ತದೆ, ಬಣ್ಣ ಎಷ್ಟು ಬೆಳಕನ್ನು ವಾಪಸ್ ಕೊಡ್ತದೆ ಅಂತ. ಸೊನ್ನೆ ಅಂದ್ರೆ ಅಪ್ಪಟ ಕಪ್ಪು, 100 ಅಂದ್ರೆ ಪೂರ್ತಿ ಬಿಳಿ. ನಿಮ್ಮದು 70ರ ಆಸುಪಾಸು ಇರಲಿ."

"ನಮ್ಮ ಕಾಲದ ಪಾಸ್ ಮಾರ್ಕು 35 ಸಾಲದಾ?" ಭಟ್ರು ಕೇಳಿದರು. ಮಾಷ್ಟ್ರು ಕೇಳಿಸಿಕೊಳ್ಳಲಿಲ್ಲ.

"ಮತ್ತೆ ಲೈಟು. 6500 ಕೆಲ್ವಿನ್ನಿನ ಬಿಳಿ ಟ್ಯೂಬ್ ಹಾಕಿದಿರೋ, ಬೆಚ್ಚಗಿನ ಬಣ್ಣಕ್ಕೆ ಚಳಿ ಹಿಡಿತದೆ. 3000ದ ಹಳದಿ ಛಾಯೆಯದ್ದು ಹಾಕಿ."

"ಆ ಹಳದಿ ಬೆಳಕಲ್ಲಿ ಇವಳಿಗೆ ಅಕ್ಕಿಯ ಕಲ್ಲು ಕಾಣುವುದಿಲ್ಲ!"

"ಅಡುಗೆಮನೆಗೆ ಬಿಳಿಯೇ ಇರಲಿ. ಕಲ್ಲು ತಿನ್ನುವವರು ನಾವಲ್ವಾ."

ಸಾರಣೆ ಆಗಿ ಎಷ್ಟು ದಿನವಾಯಿತು ಎಂದು ನಾನು ಮೆಲ್ಲ ಕೇಳಿದೆ. ಹತ್ತು ದಿನ ಅಂತೆ. ಸಿಮೆಂಟಿಗೆ 28 ದಿನವಾದರೂ ಕೊಡಬೇಕು, ಹಸಿ ಗೋಡೆಗೆ ಪೈಂಟ್ ಬಳಿದರೆ ಗುಳ್ಳೆ ಏಳಬಹುದು ಅಂದೆ. ರೈಗಳು ಜೇಬಿನಿಂದ ಮನೆ ಒಕ್ಕಲಿನ ಕಾಗದ ತೆಗೆದು, ದಿನಾಂಕ ನೋಡಿ, ಮಾತಾಡದೆ ಮಡಚಿಟ್ಟರು.

"ಅಷ್ಟರ ತನಕ ಒಂದು ರಟ್ಟಿಗೆ ಎರಡು ಕೋಟ್ ಹೊಡೆದು ಒಣಗಿಸಿ," ಮಾಷ್ಟ್ರು ಸಮಾಧಾನ ಮಾಡಿದರು. "ಗೋಡೆಯಿಂದ ಗೋಡೆಗೆ ಹಿಡಿದು, ಬೆಳಿಗ್ಗೆ, ಮಧ್ಯಾಹ್ನ, ಲೈಟು ಹಾಕಿದ ಮೇಲೆ ನೋಡಿ. ಮಗನಿಗೆ ಮಾತ್ರ ಫೋಟೋ ಕಳಿಸ್ಬೇಡಿ. ಅವನ ಮೊಬೈಲಲ್ಲಿ ಅದು ಮೂರನೇ ಬಣ್ಣ."

"ಹೊರಗಿನ ಗೋಡೆಗೆ?"

"ಅದರ ಚಿಂತೆ ನಿಮಗೆ ಬೇಡ," ಎಂದು ಭಟ್ರು ಎದ್ದರು. "ಮುರಕಲ್ಲಿನ ಅಂಗಳ ಅಲ್ವಾ? ಮೊದಲ ಮಳೆಗೆ ಕೆಳಗಿನ ಒಂದಡಿ ತನ್ನಷ್ಟಕ್ಕೇ ಕೆಂಪು."

ರೈಗಳು ಕಾರ್ಡ್ ತಿರುಗಿಸಿದರು. "ಆ ಕೆಂಪಿನ ನಂಬರ್ ಎಷ್ಟು?"