ಹೂಜಿ ಗಿಡದ ಬೀಜ: ಆರು ವಾರವಾಯ್ತು, ಒಂದೂ ಮೊಳೆತಿಲ್ಲ

ಕೇಳಿದವರು: ನೆಪೆಂಥಿಸ್ (ಹೂಜಿಯಂಥ ಎಲೆಯಲ್ಲಿ ಕೀಟ ಹಿಡಿಯುವ ಗಿಡ) ಬೀಜ 40 ಬಿತ್ತಿದ್ದೇನೆ. ಸ್ಫ್ಯಾಗ್ನಮ್ ಪಾಚಿಯ ಮೇಲೆ, ಮುಚ್ಚಳದ ಡಬ್ಬಿಯಲ್ಲಿ. 6 ವಾರವಾಯ್ತು. ಒಂದು ಮೂಲೆಯಲ್ಲಿ ಬಿಳಿ ಬೂಷ್ಟು ಕಾಣಿಸಿದೆ. ಮುಚ್ಚಳ ತೆಗೆಯಲಾ, ಸುಮ್ನೆ ಕಾಯಲಾ? ಅನುಭವ ಇದ್ದವರು ಹೇಳಿ.

ಪಾಚಿಪ್ರಿಯ: 6 ವಾರಕ್ಕೇ ಗಾಬರಿಯಾ? ನನ್ನದು ಮೊಳೆತದ್ದು 74ನೇ ದಿನ. ಅದೂ ಎರಡು ಸಲ ಸೋತ ಮೇಲೆ. ಮೊದಲ ಸಲ 60 ಬೀಜ ಬಿತ್ತಿ ಮೇಲೆ ಮಣ್ಣು ಮುಚ್ಚಿದೆ. ದಾರದ ಚೂರಿನಂಥ ಬೀಜ ಅದು, ಬೆಳಕು ತಾಗುವಂತೆ ಮೇಲೇ ಉದುರಿಸಬೇಕು ಅಂತ ಆಮೇಲೆ ತಿಳಿಯಿತು. ಎರಡನೇ ಸಲ ಜೀವಂತ ಪಾಚಿ. 11 ಮೊಳಕೆ ಬಂದವು. ಪಾಚಿ ಅವುಗಳಿಗಿಂತ ಬೇಗ ಎದ್ದು ಎಲ್ಲವನ್ನೂ ನುಂಗಿತು. ಮೂರನೇ ಸಲ ಒಣ ಪಾಚಿ ನೆನೆಸಿ, ಸಣ್ಣಗೆ ಕತ್ತರಿಸಿ ಹಾಕಿದೆ. ಈಗ 23 ಸಸಿ ಇವೆ. ಎರಡು ವರ್ಷವಾದರೂ ನಾಣ್ಯದಷ್ಟೇ ಅಗಲ. ಆದರೆ ಹೂಜಿ ಬಿಟ್ಟಿವೆ, ನೋಡಲು ಭೂತಗನ್ನಡಿ ಬೇಕು ಅಷ್ಟೇ.

ಹನಿನೀರು: ಪಾಚಿಯ ಕಥೆ ಆಮೇಲೆ ಸ್ವಾಮಿ. ಬೀಜ ಹೊಸದಾ? ಕೆಲವು ತಿಂಗಳಲ್ಲೇ ಸತ್ವ ಕಳೆದುಕೊಳ್ಳುವ ಬೀಜ ಇದು. ನಾನು ಆನ್‌ಲೈನ್‌ನಲ್ಲಿ ‘ರಾಜಾ’ ಅನ್ನೋ ಜಾತಿಯ ಹೂಜಿ ಗಿಡದ್ದು ಅಂತ 100 ಬೀಜ ತರಿಸಿದೆ. ಹೀಟ್ ಮ್ಯಾಟ್, ದಿನಕ್ಕೆ 14 ಗಂಟೆ ಎಲ್‌ಇಡಿ ದೀಪ, ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್. 5 ತಿಂಗಳು ಕಾದೆ. ಬಂದದ್ದು ಹುಲ್ಲು! ರಾಜಾ ಬೋರ್ನಿಯೋದ ಎತ್ತರದ ಬೆಟ್ಟದ ಗಿಡ, ರಾತ್ರಿ ತಂಪು ಬೇಕು. ಅದಕ್ಕೆ ಹೀಟ್ ಮ್ಯಾಟ್ ಹಾಸಿದ ಪೆದ್ದ ನಾನೇ, ಒಪ್ಪಿದೆ. ಹುಲ್ಲು ಮಾತ್ರ ನನ್ನ ತಪ್ಪಲ್ಲ.

ಪಾಚಿಪ್ರಿಯ: ರಾಜಾ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ, ಅಂದರೆ ಅತಿ ಬಿಗಿಯಾದ ಪಟ್ಟಿಯಲ್ಲಿದೆ. ಮೇಘಾಲಯದ ಹೂಜಿ ಗಿಡ ಖಾಸಿಯಾನಾ ಕೂಡ. ಕಾಗದಪತ್ರ ಕೇಳದೆ ತರಿಸಿಕೊಂಡವರು ಇಲ್ಲಿ ಪಾಠ ಹೇಳುವುದು ಚೆನ್ನಾಗಿದೆ.

ಹನಿನೀರು: ಹುಲ್ಲಿಗೆ ಯಾವ ಪರ್ಮಿಟ್ ಬೇಕ್ರೀ?

ಎಲೆಮರೆ: ಇಷ್ಟು ಬರೆದರೂ ಇಬ್ಬರೂ ನೀರಿನ ಮಾತೆತ್ತಲಿಲ್ಲ. ಮಳೆನೀರು ಮುಗಿದಾಗ 9 ದಿನ, ಬರೀ 9 ದಿನ, ಗಡಸು ನಲ್ಲಿ ನೀರು ಹಾಕಿದೆ. ಪಾಚಿ ಕಪ್ಪಾಯಿತು. 31 ಸಸಿಯಲ್ಲಿ ಉಳಿದದ್ದು 4. ಆಮೇಲೆ ಆರ್‌ಓ ನೀರು ಬಿಟ್ಟು ಬೇರೆ ಮುಟ್ಟಿಲ್ಲ. ಈಗ ಬೀಜದ ಗೋಜಿಗೇ ಹೋಗಲ್ಲ, ಕಟಿಂಗ್ ನೆಡುತ್ತೇನೆ. ಬೀಜದ ಗಿಡ ಗಂಡೋ ಹೆಣ್ಣೋ ಅಂತ ಹೂ ಬಿಡುವ ತನಕ ಗೊತ್ತಾಗಲ್ಲ, ಅಷ್ಟರಲ್ಲಿ ವರ್ಷಗಳು ಹೋಗಿರುತ್ತವೆ.

ಪಾಚಿಪ್ರಿಯ: ಕಟಿಂಗ್ ನೆಡುವವರಿಗೆ ಬೀಜದ ಚರ್ಚೆಯಲ್ಲಿ ಏನು ಕೆಲಸ?

ಎಲೆಮರೆ: 27 ಸಸಿ ಮಣ್ಣುಪಾಲು ಮಾಡಿದ್ದೇನೆ. ಮಾತಾಡುವ ಹಕ್ಕಿದೆ.

ಹನಿನೀರು: ಅವರು ಹೇಳಿದ್ದು ಸರಿ. 23 ಸಸಿಗೇ ಇಷ್ಟು ಜಂಬವಾ?

ಕೇಳಿದವರು: ಬೂಷ್ಟು ಈಗ ಎರಡನೇ ಮೂಲೆಗೂ ಬಂತು. ಮುಚ್ಚಳ ತೆಗೆಯಲಾ?

ಎಲೆಮರೆ: ಯಾವ ನೀರು ಹಾಕಿದ್ದೀರಿ, ಅದನ್ನು ಮೊದಲು ಹೇಳಿ.