ಮನೆಯ ಪಿಸ್ತೂಲು ಒಪ್ಪಿಸಿ ಬಂದ ನಮ್ಮ ಅನುಭವ

ಕೋವಿಡ್ ಸಮಯದಲ್ಲಿ ಹೆದರಿ ತಗೊಂಡ ಪಿಸ್ತೂಲು ಮನೆಯಲ್ಲಿದೆ, ಮಗ ಹೈಸ್ಕೂಲಿಗೆ ಬಂದಿದ್ದಾನೆ, ಗನ್ ಬೈಬ್ಯಾಕ್‌ಗೆ (ಜನ ಒಪ್ಪಿಸಿದ ಗನ್ ತಗೊಂಡು ಬದಲಿಗೆ ಗಿಫ್ಟ್ ಕಾರ್ಡೋ ದುಡ್ಡೋ ಕೊಡುವ ಕಾರ್ಯಕ್ರಮ) ಹೋಗಿ ಬಂದವರು ಇದ್ದರೆ ಹೇಳಿ ಅಂತ ಕೇಳಿದ್ದೀರಿ. ನಾವು ಹೋಗಿದ್ದೆವು, ಕ್ಯಾಲಿಫೋರ್ನಿಯಾದಲ್ಲಿ. ನಮ್ಮದೂ 2020ರಲ್ಲಿ ತಗೊಂಡಿದ್ದೇ.

ನಾನು ಕೋವಿ ಕಾಣದೆ ಬೆಳೆದವಳಲ್ಲ. ತೀರ್ಥಹಳ್ಳಿ ಕಡೆ ನಮ್ಮ ತೋಟದ ಮನೆಯಲ್ಲಿ ಮಂಗ, ಹಂದಿ ಓಡಿಸೋಕೆ ಅಜ್ಜನ ಕೋವಿ ಇತ್ತು. ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚುತ್ತಿದ್ದರು. ಆದರೆ ಮಲಗೋ ಕೋಣೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳೋದು ಬೇರೆ ಮಾತು. ಅಮೆರಿಕದಲ್ಲಿ ಗುಂಡಿಗೆ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆತ್ಮಹತ್ಯೆ ಮಾಡಿಕೊಂಡವರು. ಮಗಳು ಒಂದು ದಿನ ಮಾರ್ಕ್ಸ್ ಕಡಿಮೆ ಬಂತು ಅಂತ ಅತ್ತು ಬಾಗಿಲು ಹಾಕಿಕೊಂಡಳು. ನನಗೆ ಮೊದಲು ನೆನಪಾಗಿದ್ದು ಪಿಸ್ತೂಲು ಇಟ್ಟಿದ್ದ ಡ್ರಾಯರ್. ಅವತ್ತೇ ನಿರ್ಧಾರ ಮಾಡಿದೆವು.

ಹೊರಡುವ ಮುಂಚೆ ಮ್ಯಾಗಜೀನ್, ಅಂದರೆ ಗುಂಡು ತುಂಬಿಡುವ ಡಬ್ಬಿ, ತೆಗೆದರೆ ಸಾಲದು. ಚೇಂಬರ್ (ಹಾರೋಕೆ ಸಿದ್ಧವಾಗಿ ಗುಂಡು ಕೂರುವ ಜಾಗ) ಒಳಗೆ ಒಂದು ಗುಂಡು ಉಳಿದಿರಬಹುದು, ಅದನ್ನೂ ನೋಡಲೇಬೇಕು. ಗೊತ್ತಾಗದಿದ್ದರೆ ನೀವಾಗಿ ಕೈಹಾಕಬೇಡಿ, ಪೊಲೀಸರ ತುರ್ತು ಅಲ್ಲದ ನಂಬರಿಗೆ ಫೋನ್ ಮಾಡಿ ಕೇಳಿ. ಖಾಲಿ ಪಿಸ್ತೂಲನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಡಿಕ್ಕಿಯಲ್ಲಿ ಇಡಿ. ಗುಂಡು ತಗೋತಾರಾ ಅಂತ ಮೊದಲೇ ವಿಚಾರಿಸಿ, ಕೆಲವು ಕಡೆ ತಗೊಳ್ಳಲ್ಲ.

ಒಂದು ಚರ್ಚಿನ ಪಾರ್ಕಿಂಗ್‌ನಲ್ಲಿ ಕಾರುಗಳ ಸಾಲು. ಕಾರಿನಿಂದ ಇಳಿಯೋ ಹಾಗಿಲ್ಲ. ನಮ್ಮೆಜಮಾನ್ರು ಎರಡೂ ಕೈ ಸ್ಟೇರಿಂಗ್ ಮೇಲೆ ಇಟ್ಟುಕೊಂಡೇ ಕೂತಿದ್ದರು. ಅಧಿಕಾರಿ ತಾವೇ ಡಿಕ್ಕಿ ತೆಗೆದು, ಪಿಸ್ತೂಲು ಖಾಲಿ ಇದೆಯಾ ಅಂತ ನೋಡಿ, ಅದರೊಳಗೆ ಒಂದು ಹಳದಿ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟಿದರು. ಹೆಸರು ಕೇಳಲಿಲ್ಲ, ಎಲ್ಲಿಂದ ಬಂತು ಅಂತಲೂ ಕೇಳಲಿಲ್ಲ. 100 ಡಾಲರ್‌ನ ಗಿಫ್ಟ್ ಕಾರ್ಡ್ ಕೊಟ್ಟರು. ಕೊಟ್ಟ ಬೆಲೆಗೆ ಅದು ಏನೂ ಅಲ್ಲ, ಆದರೆ ನಾವು ಹೋಗಿದ್ದು ದುಡ್ಡಿಗಲ್ಲ. ಕಾರ್ಡ್ ಮುಗಿದುಹೋಗುವುದೂ ಉಂಟು, ಬೇಗ ಹೋಗಿ.

ಹೆಸರು ಕೇಳದ ಕಾರಣಕ್ಕೇ ಇನ್ನೊಂದು ಕೆಲಸ ಉಳಿಯುತ್ತೆ. ಪಿಸ್ತೂಲು ಇನ್ನೂ ನಿಮ್ಮ ಹೆಸರಿನಲ್ಲೇ ದಾಖಲಾಗಿರಬಹುದು ಅಲ್ವಾ? ಕ್ಯಾಲಿಫೋರ್ನಿಯಾದಲ್ಲಾದರೆ ರಾಜ್ಯದ ನ್ಯಾಯ ಇಲಾಖೆಗೆ 'ನೋ ಲಾಂಗರ್ ಇನ್ ಪೊಸೆಷನ್' (ಇದು ಈಗ ನನ್ನ ಹತ್ತಿರ ಇಲ್ಲ) ಅನ್ನೋ ಅರ್ಜಿ ಕೊಡಬಹುದು. ಸೀರಿಯಲ್ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ನಾವು ಕೇಳದೆ ಬಿಟ್ಟಿದ್ದು ಒಂದಿದೆ. ಇಡೀ ಪಿಸ್ತೂಲನ್ನು ಪುಡಿ ಮಾಡುತ್ತಾರಾ? ಹೀಗೆ ಒಪ್ಪಿಸಿದ ಗನ್‌ಗಳಲ್ಲಿ ಒಂದು ಭಾಗ ಮಾತ್ರ ನಾಶ ಮಾಡಿ ಉಳಿದದ್ದನ್ನು ಬಿಡಿಭಾಗಗಳಾಗಿ ಮಾರುವ ಕಂಪನಿಗಳಿವೆ ಅಂತ 2023ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದಿತ್ತು. ಅದನ್ನು ಓದಿ ಬಹಳ ಬೇಜಾರಾಯಿತು. ನೀವು ಕೇಳಿಯೇ ಕೊಡಿ.

ಬೈಬ್ಯಾಕ್ ಆಗೊಮ್ಮೆ ಈಗೊಮ್ಮೆ ಮಾತ್ರ ನಡೆಯುತ್ತೆ. ಅದಕ್ಕೇ ಕಾಯಬೇಕು ಅಂತೇನಿಲ್ಲ, ಎಷ್ಟೋ ಠಾಣೆಗಳಲ್ಲಿ ಯಾವಾಗ ಬೇಕಾದರೂ ತಗೋತಾರೆ. ಆದರೆ ಪಿಸ್ತೂಲು ಹಿಡಿದು ಸೀದಾ ಒಳಗೆ ಹೋಗಬೇಡಿ, ಮೊದಲು ಫೋನ್ ಮಾಡಿ. ಅಲ್ಲಿಯವರೆಗೆ ಪಿಸ್ತೂಲಿಗೊಂದು ಬೀಗ, ಗುಂಡಿಗೆ ಬೇರೆ ಬೀಗ. ಬೀಗದ ಕೈ ಎಲ್ಲಿದೆ ಅಂತ ಮಗನಿಗೆ ಗೊತ್ತಾಗೋದು ಬೇಡ.